ತಟ್ಟೆಯಿಲ್ಲದೆ ಕೊಟ್ಟ ಕ್ಯಾಂಡಿ

ಫ್ರಿಜ್ಜಿನ ಮೇಲಿನ ಖಾನೆಯಿಂದ ಐಸ್ ಕ್ಯಾಂಡಿಗಳು ಕಾಣೆಯಾಗತೊಡಗಿದಾಗ ನಾನು ಮೊದಲು ಅನುಮಾನಿಸಿದ್ದು ಗಂಡನನ್ನು. ಇದರಲ್ಲಿ ಅವರು ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಮನೆಯಲ್ಲಿ ಉಗುರು ಕತ್ತರಿ ಕಾಣೆಯಾದರೂ ಮೊದಲ ಆರೋಪಿ ಅವರೇ.

ನನ್ನ ಸ್ವಭಾವವೇ ಹಾಗೆ. ತೀರ್ಥಹಳ್ಳಿ ಪೇಟೆಯಲ್ಲಿ ತರಕಾರಿಯವನು ನನ್ನನ್ನು ಕಂಡ ಕೂಡಲೇ ತಕ್ಕಡಿಯನ್ನು ನನ್ನ ಕಡೆ ತಿರುಗಿಸಿಡುತ್ತಾನೆ. ಯಾರಾದರೂ ಕಾರಣವಿಲ್ಲದೆ ನನ್ನ ಸೀರೆಯನ್ನು ಹೊಗಳಿದರೆ, ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು ಮನಸ್ಸು ಲೆಕ್ಕ ಹಾಕಲು ಶುರುಮಾಡುತ್ತದೆ. "ನೀನು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಮಾರಾಯ್ತಿ" ಎಂದು ನನ್ನವರು ಆಗಾಗ ಹೇಳುತ್ತಾರೆ. ಹಾಗೆ ಹೇಳುವಾಗ ಅವರು ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ನಾನು ಅವರ ಮುಖ ನೋಡುತ್ತೇನೆ.

ಆದರೆ ಆ ಬೇಸಿಗೆಯಲ್ಲಿ ಕ್ಯಾಂಡಿ ಎನ್ನುವುದು ಬಾಯಿಚಪಲದ ವಸ್ತುವಾಗಿರಲಿಲ್ಲ. ಅದನ್ನು ನಾನು ನನ್ನ ತಂಗಿಯ ಮದುವೆಗಾಗಿ ಮಾಡುತ್ತಿದ್ದೆ.

ತಂಗಿ ಹೊಸನಗರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಬೆಳಿಗ್ಗೆ ದೊಡ್ಡ ಬಾಯಿಯ ಫ್ಲಾಸ್ಕೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಹೋದರೆ ಸಂಜೆಯೇ ಬರುವುದು. ಅಪ್ಪ ಅಮ್ಮ ತೀರಿಹೋದ ಮೇಲೆ ನಮ್ಮ ಜೊತೆಗೇ ಇದ್ದಳು. ಹಿಂದೊಮ್ಮೆ ಅವಳಿಗೆ ಮದುವೆ ನಿಶ್ಚಯವಾಗಿ, ಛತ್ರ ಗೊತ್ತಾಗಿ, ಇನ್ನೇನು ಕರೆಯೋಲೆ ಅಚ್ಚಿಗೆ ಕೊಡಬೇಕು ಎನ್ನುವಾಗ ಗಂಡಿನ ಮನೆಯವರು ಫೋನ್ ಮಾಡಿ ಬೇಡವೆಂದುಬಿಟ್ಟರು. ಊರಿನವರು ತಮತಮಗೆ ತೋಚಿದ ಕಾರಣ ಕಟ್ಟಿಕೊಂಡರು. ನಿಜವಾದ ಕಾರಣ ತಂಗಿಗೆ ಗೊತ್ತಿದೆ, ನನ್ನ ಹತ್ತಿರವೂ ಬಾಯಿ ಬಿಡುತ್ತಿಲ್ಲ ಎನ್ನುವುದು ನನ್ನ ಬಲವಾದ ಅನುಮಾನವಾಗಿತ್ತು. ಕೇಳುವ ಧೈರ್ಯ ಮಾತ್ರ ಆಗಿರಲಿಲ್ಲ.

ಆಮೇಲೆ ನೋಡಲು ಬಂದವರು ಬಹಳ ಜನ. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಒಂದು ಖಾರ, ಒಂದು ಸಿಹಿ, ಕಾಫಿ ಕೊಡುತ್ತಾರೆ. ಖಾರ ಎಲ್ಲರೂ ತಿನ್ನುತ್ತಾರೆ. ಸಿಹಿ ತಿಂದರೆ ಅರ್ಧ ಮಾತು ಕೊಟ್ಟಂತೆ. ಹಾಗೆಂದು ಎಲ್ಲೂ ಬರೆದಿಟ್ಟಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಆದರೆ ಮನಸ್ಸಿಲ್ಲದವರು ಸಿಹಿಯನ್ನು ಚಮಚದಲ್ಲಿ ಅತ್ತಿತ್ತ ಸರಿಸಿ, ತಟ್ಟೆಯನ್ನು ಮೆಲ್ಲಗೆ ಕೆಳಗಿಡುತ್ತಾರೆ. "ನಂಗೆ ಶುಗರ್", "ಈಗ ಊಟ ಮಾಡ್ಕಂಡೇ ಬಂದ್ವಿ", "ಇವತ್ತು ಒಪ್ಪೊತ್ತು" ಎಂದು ಒಂದು ನೆಪ ಅದರ ಜೊತೆಗಿರುತ್ತದೆ. ಫೋನ್ ಮಾಡಿ ಹೇಳುತ್ತೇವೆ ಎಂದು ಹೋದವರು ಫೋನ್ ಮಾಡುವುದಿಲ್ಲ.

ತಟ್ಟೆ ಎತ್ತಿಕೊಂಡು ಒಳಗೆ ಬರುವವಳು ತಂಗಿಯೇ. ಹಾಗಾಗಿ ಉತ್ತರ ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಕೇಸರಿಬಾತು ಹಾಗೇ ಇರುವ ತಟ್ಟೆಗಳನ್ನು ಸಿಂಕಿನಲ್ಲಿಟ್ಟು, ನಲ್ಲಿ ಬಿಟ್ಟು ತೊಳೆಯುತ್ತಿದ್ದಳು. ಆಗ ಅವಳ ಬೆನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಹೊರಗೆ ಕುಳಿತವರ ಮೇಲೆ ಬಂದ ಸಿಟ್ಟು ಅದು. ಕಳೆದ ವರ್ಷ ಒಂದು ದಿನ ಹಾಗೆ ತೊಳೆದಿಟ್ಟು, "ಅಕ್ಕ, ಇನ್ನು ಒಬ್ಬರು ಬಂದು ಹಿಂಗೆ ಮಾಡಿದ್ರೆ ಸಾಕು. ಮತ್ತೆ ನಾನು ಯಾರ ಎದ್ರೂ ಬಂದು ನಿಲ್ಲಲ್ಲ" ಅಂದಳು. ಅವಳು ಮಾತು ಕಡಿಮೆ ಆಡುವವಳು, ಆಡಿದ್ದನ್ನು ಮಾಡುವವಳು.

ಆ ಕೊನೆಯ ಸಂಬಂಧ ಈ ಬೇಸಿಗೆಯಲ್ಲಿ ಬಂತು. ಹುಡುಗ ಹೊಸನಗರದಲ್ಲಿ ಜೆರಾಕ್ಸ್, ಲ್ಯಾಮಿನೇಶನ್ನಿನ ಅಂಗಡಿ ಇಟ್ಟವನು. ಹುಡುಗ ಅಂದರೆ ತಲೆಯಲ್ಲಿ ಬಿಳಿಕೂದಲು ಬಂದ ಹುಡುಗ. ಮನೆ ಹುಲಿಕಲ್ ಕಡೆ ಹೋಗುವ ದಾರಿಯಲ್ಲಿ, ತಾಯಿ ಮಗ ಇಬ್ಬರೇ. ಜಮೀನಿದೆ, ಕೆಟ್ಟ ಚಟವಿಲ್ಲ. ಇಷ್ಟು ಸರಿಯಾಗಿರುವವನು ಇಷ್ಟು ವರ್ಷ ಯಾಕೆ ಉಳಿದ? ನನ್ನ ತಲೆಗೆ ಹುಳ ಹೊಕ್ಕಿತು.

ಸಂಬಂಧ ಬಂದ ರೀತಿಯೂ ನನಗೆ ಸರಿ ಕಾಣಲಿಲ್ಲ. ನಡುವೆ ಯಾವ ದಲ್ಲಾಳಿಯೂ ಇರಲಿಲ್ಲ. ಹುಡುಗನೇ ಮಂಡಗದ್ದೆಯಲ್ಲಿರುವ ನಮ್ಮ ಸೋದರಮಾವನಿಗೆ ಫೋನ್ ಮಾಡಿ, ತಾಯಿಯನ್ನು ಕರೆದುಕೊಂಡು ಬರುತ್ತೇನೆ ಎಂದನಂತೆ. ಮಾವನ ನಂಬರ್ ಯಾರು ಕೊಟ್ಟರು ಎಂದರೆ ಮಾವನಿಗೆ ಗೊತ್ತಿಲ್ಲ. ಫೋಟೋ ಕೇಳಲಿಲ್ಲ. ಜಾತಕ ಕೇಳಲಿಲ್ಲ. ಹುಡುಗಿಯ ವಯಸ್ಸು ಹೇಳಿದರೆ "ಪರವಾಗಿಲ್ಲ" ಅನ್ನಬೇಕಾದವನು "ಹೌದು" ಅಂದನಂತೆ.

"ಹೌದು ಅಂದ್ರೆ ಎಂತ ಮಾವ? ಅವ್ನಿಗೆ ಮೊದ್ಲೇ ಗೊತ್ತಿತ್ತಾ?" ಎಂದೆ.

"ನಿಂಗೆ ಎಲ್ಲದ್ರಲ್ಲೂ ಒಂದು ತಕರಾರು. ಒಪ್ಪಿದಾನೆ ಅಂದ್ರೆ ಖುಷಿಪಡೂದು ಬಿಟ್ಟು" ಎಂದು ಮಾವ ಫೋನಿಟ್ಟರು.

ಹುಡುಗನಿಗಿಂತ ನನಗೆ ಹೆದರಿಕೆ ಅವನ ತಾಯಿಯದ್ದು. ನಾಲ್ಕು ಕಡೆ ವಿಚಾರಿಸಿದೆ. ಬಲು ಖಡಕ್ ಹೆಂಗಸು, ಯಾವ ಮನೆಗೆ ಹೋದರೂ ಮೊದಲು ಮೂಲೆಯಲ್ಲಿ ಕಸ ಇದೆಯಾ ನೋಡುತ್ತಾರೆ ಎಂದು ತಿಳಿಯಿತು. ಅಂಥವರು ತಟ್ಟೆ ಕೆಳಗಿಡಲು ಎಷ್ಟು ಹೊತ್ತು ಬೇಕು?

ಆಗ ನನಗೆ ಹೊಳೆಯಿತು. ಕೆಳಗಿಡಲು ತಟ್ಟೆಯೇ ಇಲ್ಲದಿದ್ದರೆ?

ಕಡ್ಡಿ ಚುಚ್ಚಿದ ಕ್ಯಾಂಡಿಯನ್ನು ಕೈಗೆ ಕೊಟ್ಟರೆ ಅದನ್ನು ಟೀಪಾಯಿಯ ಮೇಲಿಡಲು ಬರುವುದಿಲ್ಲ, ಜೇಬಿಗೆ ಹಾಕಲು ಬರುವುದಿಲ್ಲ, ಆಮೇಲೆ ತಿನ್ನುತ್ತೇನೆ ಅನ್ನಲೂ ಬರುವುದಿಲ್ಲ. ಒಂದೋ ತಿನ್ನಬೇಕು, ಇಲ್ಲವೇ ಎಲ್ಲರೆದುರು ಕೈಯೆಲ್ಲ ಸುರಿಸಿಕೊಂಡು ಕೂರಬೇಕು. ಬೇಡವೆನ್ನುವುದಾದರೆ ಕಣ್ಣಿಗೆ ಕಾಣುವ ಹಾಗೆ ಬೇಡವೆನ್ನಲಿ. ಮೆಲ್ಲಗೆ ಸರಿಸಿಟ್ಟು ನನ್ನ ತಂಗಿಯ ಕೈಯಲ್ಲಿ ತೊಳೆಸುವುದು ಬೇಡ. ಬೇಸಿಗೆಯಾದ್ದರಿಂದ ಯಾರಿಗೂ ಸಂಶಯ ಬರುವಂತೆಯೂ ಇರಲಿಲ್ಲ. ತಂಗಿಗೆ ಹೇಳಿದಾಗ ಅವಳು "ಸರಿ, ಆದ್ರೆ ಚೆನ್ನಾಗಿ ಬರೋ ತನಕ ಮಾಡಿ ಮಾಡಿ ನೋಡ್ಬೇಕು" ಅಂದಳು. ಎಂದೂ ಯಾವುದಕ್ಕೂ ಉತ್ಸಾಹ ತೋರಿಸದವಳು ಇದಕ್ಕೆ ಇಷ್ಟು ಸಲೀಸಾಗಿ ಒಪ್ಪಿದ್ದು ನನಗೆ ವಿಚಿತ್ರವೆನಿಸಿತು.

ಕ್ಯಾಂಡಿ ಮಾಡುವುದು ಸುಲಭ ಎನ್ನುವವರು ಬರೀ ಐಸಿನ ಕೋಲು ಮಾಡಿದವರು. ಕೆನೆಕೆನೆಯಾಗಿ, ನಾಲಿಗೆಯ ಮೇಲಿಟ್ಟರೆ ಮೆತ್ತಗೆ ಕರಗುವಂತೆ ಮಾಡುವುದು ಬೇರೆಯೇ ಕಥೆ. ಮೊದಲ ಸಲ ಹಾಲು, ಸಕ್ಕರೆ, ಏಲಕ್ಕಿ ಹಾಕಿ ಲೋಟಕ್ಕೆ ಸುರಿದು ಇಟ್ಟೆ. ಕಚ್ಚಿದರೆ ಮರಳು ಜಗಿದ ಹಾಗೆ ಕರಕರ, ಬರೀ ಐಸ್ ಕಾಳು. ಹಾಲಿಗೆ ನೀರು ಬೆರೆಸಿದ್ದಾರೆ ಎಂದು ಹಾಲು ಕೊಡುವವಳ ಜೊತೆ ಜಗಳ ಕಾದೆ. ಅವಳು ಕವಲೇದುರ್ಗದ ಕೆಳಗಿನ ಊರಿನಿಂದ ಬಂದು ನಮ್ಮ ಬೀದಿಯಲ್ಲಿ ಹಸು ಕಟ್ಟಿಕೊಂಡವಳು, ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾಳೆ ಚೊಂಬು ಹಿಡ್ಕಂಡು ನೀವೇ ಕೊಟ್ಟಿಗೆಗೆ ಬನ್ನಿ, ಎದ್ರಿಗೇ ಕರೆದು ಕೊಡ್ತೀನಿ" ಅಂದಳು. ಹೋದೆ. ಎದುರಿಗೇ ಕರೆದು ಕೊಟ್ಟಳು. ಆ ಹಾಲಿನಲ್ಲೂ ಐಸ್ ಕಾಳು ಬಂತು.

ಎರಡನೆಯ ಸಲ ಸಾಗರದ ಕಡೆಯ ಆಲೆಮನೆಯಿಂದ ತರಿಸಿದ, ಜೇನಿನಂತೆ ಸುರಿಯುವ ಜೋನಿ ಬೆಲ್ಲವಿತ್ತಲ್ಲ ಎಂದು, ಕುದಿಯುವ ಹಾಲಿಗೆ ಅದನ್ನೇ ಸುರಿದೆ. ಹಾಲು ಒಡೆದು ಪಾತ್ರೆ ತುಂಬ ಗಿಣ್ಣದಂತೆ ಗಡ್ಡೆ ಗಡ್ಡೆ. ಬಿಸಿ ಹಾಲಿಗೆ ಬೆಲ್ಲ ಹಾಕಬಾರದು ಎನ್ನುವುದು ಚಿಕ್ಕ ಹುಡುಗಿಗೂ ಗೊತ್ತು. ನನ್ನ ಗಮನ ಆ ಹುಡುಗನ ತಾಯಿಯ ಮೇಲಿತ್ತು. ಮುಂದಿನ ಸಲ ಹಾಲು ಆರಿಸಿಯೇ ಬೆಲ್ಲ ಹಾಕಿದೆ. ಆದರೆ ನಮ್ಮ ಜನಕ್ಕೆ ಜೋನಿ ಬೆಲ್ಲದ ವಿಷಯದಲ್ಲಿ ಕೈ ತಡೆಯುವುದಿಲ್ಲ. ದೋಸೆಗೆ ಹಾಕಿಕೊಳ್ಳುವ ಹಾಗೆ ಧಾರಾಳವಾಗಿ ಸುರಿದಿದ್ದೆ. ಒಂದು ಹಗಲು ಒಂದು ರಾತ್ರಿ ಇಟ್ಟರೂ ಗಟ್ಟಿಯಾಗಲಿಲ್ಲ, ಎತ್ತಿದರೆ ಕಡ್ಡಿ ಮಾತ್ರ ಕೈಗೆ ಬಂತು. ಯಾರೋ ಫ್ರಿಜ್ ಆರಿಸಿದ್ದಾರೆ ಎಂದು ಮಹಡಿಯ ಮೇಲಿನ ಬಾಡಿಗೆಯವರನ್ನೂ ಸೇರಿಸಿ ಎಲ್ಲರನ್ನೂ ವಿಚಾರಿಸಿಕೊಂಡೆ. ಅದು ಬೆಲ್ಲ ಹೆಚ್ಚಾದ್ದರಿಂದ ಎಂದು ಕಂಡುಹಿಡಿದವಳು ತಂಗಿ. ಲ್ಯಾಬಿನವಳಲ್ಲವೇ.

ಕೊನೆಗೆ ಸರಿಬಂದದ್ದು ಕೂವೆ ಹಿಟ್ಟಿನಿಂದ. ಕೂವೆ ಗಡ್ಡೆಯಿಂದ ತೆಗೆದ ಆ ನುಣ್ಣನೆಯ ಬಿಳಿ ಹಿಟ್ಟನ್ನು ನಾವು ಹೊಟ್ಟೆಗೆ ತಂಪೆಂದು ಗಂಜಿ ಮಾಡಿ ಕುಡಿಯುತ್ತೇವೆ. ಹಾಲನ್ನು ಅರ್ಧಕ್ಕೆ ಬತ್ತಿಸಿ, ತಣ್ಣೀರಲ್ಲಿ ಕದಡಿದ ಕೂವೆ ಹಿಟ್ಟು ಸ್ವಲ್ಪ ಹಾಕಿ, ಕೈ ಬಿಡದೆ ತಿರುವಿದೆ. ಸೌಟಿನ ಬೆನ್ನಿಗೆ ಅಂಟುವಷ್ಟು ದಪ್ಪವಾದ ಮೇಲೆ ಇಳಿಸಿ, ಪೂರ್ತಿ ಆರಿಸಿ, ಗಟ್ಟಿ ತೆಂಗಿನಹಾಲು ಬೆರೆಸಿ, ಅಳತೆಯಲ್ಲಿ ಜೋನಿ ಬೆಲ್ಲ ಹಾಕಿದೆ. ಅಚ್ಚು ಇರಲಿಲ್ಲ, ಕಾಫಿ ಲೋಟಗಳೇ ಅಚ್ಚು. ಕಡ್ಡಿ ವಾಲದಿರಲು ಬಾಳೆಲೆಯನ್ನು ಬೆಂಕಿಯಲ್ಲಿ ಬಾಡಿಸಿ ಲೋಟದ ಬಾಯಿಗೆ ಕಟ್ಟಿ, ನಡುವೆ ಸೀಳಿ, ನನ್ನವರು ಕೆತ್ತಿಕೊಟ್ಟ ಬಿದಿರ ಕಡ್ಡಿ ತೂರಿಸಿದೆ. ಕಂದು ಬಣ್ಣ, ಬಾಳೆಲೆಯ ಸಣ್ಣ ಪರಿಮಳ, ಕಚ್ಚಿದರೆ ಬೆಣ್ಣೆ.

ಈ ಪ್ರಯೋಗಗಳ ನಡುವೆಯೇ ಕಳ್ಳತನ ನಡೆಯುತ್ತಿದ್ದದ್ದು. ಚೆನ್ನಾಗಿ ಬಂದವೂ ಹೋಗುತ್ತಿದ್ದವು, ಐಸ್ ಕಾಳಿನವೂ ಹೋಗುತ್ತಿದ್ದವು. ಇದೇ ನನಗೆ ಬಗೆಹರಿಯದ್ದು. ನನ್ನವರು ಕದ್ದರೆ ಚೆನ್ನಾಗಿರುವುದನ್ನು ಮಾತ್ರ ಕದಿಯುತ್ತಾರೆ, ಅಷ್ಟು ನಾಲಿಗೆ ಇದೆ ಅವರಿಗೆ. ಊಟದ ನಂತರ ಅವರ ಬಾಯಿ ಮೂಸಿಯೂ ನೋಡಿದೆ. "ಮದುವೆ ಆಗಿ ಇಷ್ಟು ವರ್ಷದ ಮೇಲೆ ಎಂತ ಇದು ಹೊಸ ಪ್ರೀತಿ?" ಎಂದು ನಕ್ಕರು. ಬಾಡಿಗೆಯವರ ಹೆಂಗಸಿನ ಮೇಲೆ ಕಣ್ಣಿಟ್ಟೆ. ಅವರಿಗೆ ಹಲ್ಲುನೋವು. ತಂಗಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವಳು ಸಿಹಿ ಬಿಟ್ಟು ಎಷ್ಟೋ ಕಾಲವಾಗಿತ್ತು.

ಬರುವ ದಿನ ಬಂತು. ನಾನು ಬೆಳಿಗ್ಗೆಯೇ ನಡುಮನೆಯ ಟೀಪಾಯಿಯನ್ನು ಒಳಕೋಣೆಗೆ ಸಾಗಿಸಿದೆ. ಸಣ್ಣ ತಟ್ಟೆ, ಸಾಸರ್ ಎಲ್ಲ ಬೀರುವಿನೊಳಗೆ. ಚಕ್ಕುಲಿಯನ್ನು ಕಾಗದದ ಕರವಸ್ತ್ರದ ಮೇಲಿಟ್ಟು ಕೊಡುವುದೆಂದು ತೀರ್ಮಾನ. ಮಾವ ಮಂಡಗದ್ದೆಯಿಂದ ಬಂದು, "ಎಂತ, ಮನೆ ಖಾಲಿ ಮಾಡ್ತಿದೀರಾ?" ಎಂದರು.

ಹುಡುಗ ತಾಯಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದ. ಒಳಗೆ ಬಂದವನು ಬಚ್ಚಲಿಗೆ ಹೋಗಿ ಕಾಲು ತೊಳೆಯುತ್ತೇನೆಂದು ಹೊರಟು, ನಾನು ದಾರಿ ತೋರಿಸುವ ಮೊದಲೇ ಎಡಕ್ಕೆ ತಿರುಗಿದ. ನಮ್ಮ ಬಚ್ಚಲು ಎಡಕ್ಕೇ ಇರುವುದು. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ. ತಾಯಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕೇಳಿದ ಹಾಗೆಯೇ, ನಾಲ್ಕೂ ಮೂಲೆ ನೋಡಿದರು. ಚಕ್ಕುಲಿ ತಿಂದರು. ಕಾಫಿ ಕುಡಿದು ಲೋಟ ನನ್ನ ಕೈಗೆ ಕೊಟ್ಟರು. ಆಮೇಲೆ ತಂಗಿ ಕ್ಯಾಂಡಿ ತಂದಳು.

"ನಂಗೆ ಶುಗರ್ ಉಂಟು" ಎಂದರು ತಾಯಿ, ನಾನು ಎಣಿಸಿದ್ದಂತೆಯೇ.

"ಸಕ್ಕರೆ ಒಂದು ಕಾಳೂ ಹಾಕಿಲ್ಲ. ಜೋನಿ ಬೆಲ್ಲ, ಕೂವೆ ಹಿಟ್ಟು. ತಂಪು" ಎಂದು ನಾನು ತಯಾರಿಟ್ಟುಕೊಂಡ ಉತ್ತರ ಕೊಟ್ಟೆ. ಅವರು ತೆಗೆದುಕೊಂಡರು. ಸುತ್ತ ನೋಡಿದರು. ಇಡಲು ಜಾಗವಿರಲಿಲ್ಲ. ಅವರ ದೃಷ್ಟಿ ನನ್ನ ಮೇಲೆ ಬಂದು ನಿಂತಿತು. ಈ ಹೆಂಗಸಿಗೆ ಎಲ್ಲ ಅರ್ಥವಾಗಿದೆ ಎಂದುಕೊಂಡೆ.

ಅವರು ತಿನ್ನಲಿಲ್ಲ. ಕಡ್ಡಿ ಹಿಡಿದು ಸುಮ್ಮನೆ ಕುಳಿತರು. ಮಾವ ಈ ಸಲದ ಸೆಕೆಯ ಬಗ್ಗೆ ಮಾತನಾಡಿದರು. ನನ್ನವರು ರಸ್ತೆ ಅಗಲ ಮಾಡುವ ಬಗ್ಗೆ ಮಾತನಾಡಿದರು. ಕ್ಯಾಂಡಿಯ ತುದಿಯಲ್ಲಿ ಒಂದು ಹನಿ ಕೂಡಿ, ಜಾರಿ, ಅವರ ಬೆರಳಿಗೆ ಬಿತ್ತು. ಅದರ ಹಿಂದೆ ಇನ್ನೊಂದು. ತಂಗಿ ಬಾಗಿಲ ಹತ್ತಿರ ನಿಂತು ಆ ಕೈಯನ್ನೇ ನೋಡುತ್ತಿದ್ದಳು. ನಾನು ಮಾಡಿದ್ದು ಎಂಥ ಕೆಲಸ ಎಂದು ಆಗ ನನಗೆ ಗೊತ್ತಾಯಿತು. ತಟ್ಟೆಯಾಗಿದ್ದರೆ ಒಳಗೆ ಹೋದ ಮೇಲೆ ನೋಡುತ್ತಿದ್ದಳು. ಈಗ ಎಲ್ಲರೆದುರು, ಹನಿಹನಿಯಾಗಿ ನೋಡಬೇಕಾಯಿತು.

ತಾಯಿ ಮಾವನ ಮಾತನ್ನು ಅರ್ಧಕ್ಕೇ ತಡೆದು, ನೇರವಾಗಿ ತಂಗಿಯನ್ನು ಕೇಳಿದರು. "ಹಿಂದೆ ಒಂದು ನಿಶ್ಚಯ ಆಗಿ ಮುರೀತಂತಲ್ಲ. ಎಂತಕ್ಕೆ ಮುರಿದಿದ್ದು?"

ಇಷ್ಟು ವರ್ಷ ಬಂದವರೆಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ ಅದು. ಕೇಳಿದವರು ಇವರೊಬ್ಬರೇ. ಮಾವ ಕೆಮ್ಮಿದರು. ನಾನೂ ಉತ್ತರಕ್ಕಾಗಿ ತಂಗಿಯ ಕಡೆಗೇ ತಿರುಗಿದೆ.

"ನಂಗೂ ಗೊತ್ತಿಲ್ಲ" ಅಂದಳು ತಂಗಿ. "ಅವ್ರು ಹೇಳ್ಲಿಲ್ಲ. ನನ್ನಲ್ಲಿ ಎಂತ ಐಬು ಕಂಡ್ತು ಅಂತ ನಾನೂ ಯೋಚ್ನೆ ಮಾಡ್ತಾನೇ ಇದೀನಿ. ಇವತ್ತಿನವರೆಗೂ ಗೊತ್ತಾಗ್ಲಿಲ್ಲ."

ಅವಳು ಮುಚ್ಚಿಟ್ಟಿದ್ದಾಳೆ ಎಂದುಕೊಂಡದ್ದು ಅವಳ ಹತ್ತಿರ ಇರಲೇ ಇಲ್ಲ.

ಹುಡುಗ ಗಡಿಬಿಡಿಯಲ್ಲಿ ತನ್ನ ಕೈಯ ಕ್ಯಾಂಡಿಯನ್ನು ದೊಡ್ಡದಾಗಿ ಕಚ್ಚಿದ. ಕಚ್ಚಿ, ಏನಾದರೂ ಹೇಳಬೇಕಲ್ಲ ಎಂದು, ತಂಗಿಯ ಕಡೆ ನೋಡಿ ಹೇಳಿದ: "ಈ ಸಲ ಐಸ್ ಕಾಳೇ ಸಿಗ್ತಾ ಇಲ್ಲ."

ಮಾವ "ಹೌದೌದು, ಚೆನ್ನಾಗಿ ಆಗಿದೆ" ಎಂದರು. ನನ್ನವರು ತಲೆಯಾಡಿಸಿದರು. ಗಂಡಸರ ಕಿವಿ. ನಾನು ತಂಗಿಯನ್ನು ನೋಡಿದೆ. ಅವಳ ಮುಖ ಕುಂಕುಮದಷ್ಟು ಕೆಂಪಾಗಿತ್ತು. ದಿನಾ ಅವಳು ಲ್ಯಾಬಿಗೆ ಒಯ್ಯುತ್ತಿದ್ದ ದೊಡ್ಡ ಬಾಯಿಯ ಫ್ಲಾಸ್ಕು, ಮಾವನ ನಂಬರು, ಆ "ಹೌದು", ಎಡಕ್ಕೆ ತಿರುಗಿದ ಕಾಲು, ಎಲ್ಲ ಒಟ್ಟಿಗೆ ನನ್ನ ತಲೆಯಲ್ಲಿ ಕೂತವು. ನಾನು ಮದುವೆಮನೆಗಳಿಗೆ ಹೋದ ದಿನಗಳಲ್ಲಿ ನನ್ನ ಮನೆಯಲ್ಲಿ ಯಾರು ಚಹಾ ಕುಡಿದು ಹೋಗಿದ್ದಾರೆ ಎನ್ನುವುದೂ ಗೊತ್ತಾಯಿತು. ತಲೆ ಎತ್ತಿದರೆ ಅವನ ತಾಯಿ ನನ್ನನ್ನೇ ನೋಡುತ್ತಿದ್ದರು. ಅವರಿಗೂ ಕೇಳಿಸಿತ್ತು. ಅವರಿಗೂ ಗೊತ್ತಿರಲಿಲ್ಲ. ಆ ನೋಟ ನನಗೆ ಚೆನ್ನಾಗಿ ಪರಿಚಯ. ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

ಈಗ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಮಗನನ್ನು ನೋಡಿದರು. ಮಗ ಹಣೆ ಬೆವರಿ ನೆಲ ನೋಡುತ್ತಿದ್ದ. ತಂಗಿಯನ್ನು ನೋಡಿದರು. ಆಮೇಲೆ ಅರ್ಧ ಕರಗಿ ಓರೆಯಾದ ಕ್ಯಾಂಡಿಯನ್ನು ಬಾಯಿಗೆ ತಂದು, ಒಂದು ತುಂಡು ಕಚ್ಚಿ ತಿಂದರು. ಅವಸರವಿಲ್ಲದೆ, ಕಡ್ಡಿ ಬರಿದಾಗುವವರೆಗೂ ತಿಂದರು.

ನಾನು ತಂಗಿಯ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಈ ಸಲ ಅಂದ್ರೆ ಎಂತ? ಎಷ್ಟು ಕಾಲ ಆತು ಇದು?" ಎಂದು ಹಲ್ಲು ಕಚ್ಚಿ ಕೇಳಿದೆ. "ನಂಗೆ ಒಂದು ಮಾತು ಹೇಳೂಕೆ ಎಂತ ಆಗಿತ್ತು?"

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಹೇಳಿದ್ರೆ ನೀನು ಅವ್ರಲ್ಲೂ ಒಂದು ಹುಳುಕು ಹುಡುಕಿ ಕೊಡ್ತಿದ್ದೆ ಅಕ್ಕ. ನಿಂಗೆ ಸಿಕ್ಕೇ ಸಿಗ್ತಿತ್ತು. ನಂಗೆ ಅದು ಬೇಕಾಗಿರ್ಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಹೇಳಿದ್ದು ನಿಜ, ನಾನು ಅದಾಗಲೇ ಹುಡುಕಲು ಶುರುಮಾಡಿದ್ದೆ.

ಅಷ್ಟರಲ್ಲಿ ಅವನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದರು. ಮೊಣಕೈಯವರೆಗೆ ಬೆಲ್ಲದ ಅಂಟು. "ಕೈ ತೊಳೀಬೇಕು" ಎಂದು ನೇರ ಒಳಗೆ ಬಂದು ಸಿಂಕಿನ ಮುಂದೆ ನಿಂತರು. ಕರೆಂಟಿಲ್ಲದೆ ಮೇಲಿನ ಟ್ಯಾಂಕಿ ಖಾಲಿಯಾಗಿ ನಲ್ಲಿಯಲ್ಲಿ ನೀರಿರಲಿಲ್ಲ. ತಂಗಿ ಕಣ್ಣೊರೆಸಿಕೊಂಡು ಕೊಡದಿಂದ ಚೊಂಬಿನಲ್ಲಿ ನೀರು ತುಂಬಿ, ಅವರ ಕೈಗೆ ಸಣ್ಣಗೆ ಸುರಿಯತೊಡಗಿದಳು. ಅವರು ಬೆರಳು ಬೆರಳೂ ಉಜ್ಜಿ ತೊಳೆದರು. ನನ್ನ ಕಡೆ ನೋಡಲಿಲ್ಲ.

"ನಂಗೆ ಗೊತ್ತಿಲ್ಲ ಅಂದ್ಯಲ್ಲ ಆಗ" ಎಂದರು ತಂಗಿಗೆ. "ಇನ್ನು ಆ ಮಾತು ಯಾರ ಹತ್ರನೂ ಹೇಳಕ್ಕೆ ಹೋಗ್ಬೇಡ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸು."

ತಂಗಿ ತಲೆ ಬಗ್ಗಿಸಿ ನೀರು ಸುರಿಯುತ್ತಲೇ ಇದ್ದಳು. ಅವರ ಕೈಯ ಅಂಟು ಆಗಲೇ ಹೋಗಿತ್ತು. ಆದರೂ ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.